ನೀರಿನ ತಳದಲ್ಲಿ ಕಣ್ಣು ಬೇಕಿರಲಿಲ್ಲ

ಮೋರಟಗಿಯಲ್ಲಿ ಬಸ್ಸು ನಿಂತಾಗ ನನ್ನ ಎಡಗಣ್ಣಿಗೆ ಧೂಳು ಬಿತ್ತು. ಕರ್ಚೀಫಿನಿಂದ ಎಡಗಣ್ಣು ಒತ್ತಿಕೊಂಡು, ಬಲಗಣ್ಣಿನಿಂದ ಕಿಟಕಿಯಾಚೆಯ ಕಿರಾಣಿ ಅಂಗಡಿಯ ಬೋರ್ಡು ನೋಡಿದೆ. ಬೋರ್ಡಿನ ಎರಡೂ ತುದಿ ಕಂಡವು, ನಡುವೆ ಅಕ್ಷರಗಳಿರಲಿಲ್ಲ. ಬಣ್ಣ ಹೋಗಿರಬೇಕು ಅಂದುಕೊಂಡೆ. ಅಂಗಡಿಯ ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ಅವಳ ಸೀರೆ ಕಂಡಿತು, ಕೈಯಲ್ಲಿದ್ದ ಚೀಲ ಕಂಡಿತು, ಮುಖ ಕಾಣಲಿಲ್ಲ. ಮುಖ ಇರಬೇಕಾದಲ್ಲಿ ಒಲೆಯ ಬೂದಿಯಂಥ ಒಂದು ಕಲೆ. ಕರ್ಚೀಫು ತೆಗೆದೆ, ಮುಖ ಬಂತು. ಮತ್ತೆ ಒತ್ತಿಕೊಂಡೆ, ಹೋಯಿತು.

ಸಿಂದಗಿ ಬರುವವರೆಗೂ ಅದನ್ನೇ ಮಾಡುತ್ತ ಕುಳಿತಿದ್ದೆ. ಪಕ್ಕದಲ್ಲಿದ್ದ ಹಿರಿಯರು, "ಕಣ್ಣಾಗ ಕಸ ಬಿದ್ದೈತೇನ್ರಿ? ತಿಕ್ಕಬ್ಯಾಡ್ರಿ, ನೀರು ಹಾಕ್ಕೋರಿ" ಅಂದರು. ಹೂಂ ಅಂದೆ.

ಆಗ ನನಗೆ ನಲವತ್ತೇಳು ವರ್ಷ. ನೀರಿನಲ್ಲಿ ಮುಳುಗಿ ಕೆಲಸ ಮಾಡುವುದು ನನ್ನ ಉದ್ಯೋಗ. ನಮ್ಮ ಕಡೆ ಇದನ್ನು ಹೇಳಿದರೆ ಜನ ನಗುತ್ತಾರೆ. ನಾನು ಇಂಡಿಯಲ್ಲಿ ಹುಟ್ಟಿದವನು. ಅಪ್ಪ ಸಾಲೋಟಗಿಯ ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದರು. ಅವ್ವನ ತವರು ಪಂಢರಪುರದ ಕಡೆ, ಆಕೆಯ ಜೊತೆ ಮರಾಠಿ, ಅಪ್ಪನ ಜೊತೆ ಕನ್ನಡ. ಸಾಲೋಟಗಿಯ ತೋಟದ ಬಾವಿಯಲ್ಲಿ ಈಸು ಕಲಿತೆ. ಡಿಗ್ರಿ ಮುಗಿಸಿ ಮುಂಬಯಿಯ ಸೋದರಮಾವನ ಮನೆಗೆ ಹೋದವನು, ಬ್ಯಾಂಕಿನ ಪರೀಕ್ಷೆ ಬರೆಯುವ ಬದಲು ಡೈವಿಂಗ್ ಕಂಪನಿಯೊಂದನ್ನು ಸೇರಿಕೊಂಡೆ. ಹಡಗಿನ ತಳ, ಸಮುದ್ರದೊಳಗಿನ ಎಣ್ಣೆಬಾವಿಗಳ ಕಾಲು, ಅಲ್ಲಿ ವೆಲ್ಡಿಂಗ್, ಬೋಲ್ಟ್ ಬಿಗಿಯುವುದು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ. ಅವ್ವ ತೀರಿಕೊಂಡ ಮೇಲೆ ಊರ ಕಡೆ ಬಂದೆ. ಹೆಂಡತಿ ಸುಮಿತ್ರಾಗೆ ಬಸವನ ಬಾಗೇವಾಡಿಯ ಶಾಲೆಯಲ್ಲಿ ನೌಕರಿ ಸಿಕ್ಕಿತ್ತು, ಅಲ್ಲೇ ಬಾಡಿಗೆ ಮನೆ ಮಾಡಿದೆವು. ಕೃಷ್ಣೆ, ಭೀಮೆ ಎರಡೂ ಹತ್ತಿರ. ಬ್ಯಾರೇಜಿನ ಗೇಟು, ನದಿಯಿಂದ ಕುಡಿಯುವ ನೀರೆತ್ತುವ ಬಾವಿ, ಅಂದರೆ ಜಾಕ್‌ವೆಲ್, ಅದರ ಬಾಯಿಗೆ ಸಿಕ್ಕಿಕೊಂಡ ಬೇರು, ಹೂಳು. ಕಂತ್ರಾಟುದಾರರು ಕರೆದಲ್ಲಿಗೆ ಹೋಗುತ್ತಿದ್ದೆ.

ಜೊತೆಗೆ ಯಮನಪ್ಪ. ಮುದ್ದೇಬಿಹಾಳ ತಾಲ್ಲೂಕಿನ ನದಿದಂಡೆಯವನು, ದೋಣಿ ನಡೆಸುವ ಮನೆತನ. ನಾನು ಕೆಳಗಿದ್ದಾಗ ಅವನು ದಂಡೆಯ ಮೇಲೆ ನನ್ನ ಹಗ್ಗ ಹಿಡಿದು, ಗಾಳಿಯ ಪೈಪು ನೋಡಿಕೊಂಡು ಕೂರುತ್ತಿದ್ದ. ಹಗ್ಗ ಎಳೆದು ಮಾತಾಡಿಕೊಳ್ಳುವುದು ನಮಗೆ ಬಾಯಿಮಾತಿಗಿಂತ ಸಲೀಸಾಗಿತ್ತು.

ಸಿಂದಗಿಯಲ್ಲಿ ಇಳಿದವನು ನೇರ ಕಣ್ಣಿನ ಡಾಕ್ಟರ ಬಳಿಗೆ ಹೋದೆ. ಚೀಟಿ ಬರೆಯುವ ಹುಡುಗಿ ಉದ್ಯೋಗ ಕೇಳಿದಳು. ಡೈವರ್ ಅಂದೆ. ಒಳಗೆ ಡಾಕ್ಟರು ಚೀಟಿ ನೋಡಿ, "ಲಾರಿನೋ, ಬಸ್ಸೋ?" ಅಂದರು. ನನಗೆ ಅರ್ಥವಾಗಲಿಲ್ಲ. "ಧೂಳು, ಬಿಸಿಲು, ಎದುರಿನ ಗಾಡಿ ಲೈಟು, ಡ್ರೈವರ್ ಮಂದಿಗಿ ಇದು ಇದ್ದದ್ದರಿ. ಕರಿ ಚಸ್ಮಾ ಹಾಕ್ಕೋರಿ" ಅಂದು ಹನಿ ಬರೆದುಕೊಟ್ಟರು. ಅವರ ತಪ್ಪೇನಿಲ್ಲ. ಹೊರಗೆ ಜನ ಗೋಡೆಯುದ್ದಕ್ಕೂ ನಿಂತಿದ್ದರು. ನಾನೂ ತಿದ್ದಲಿಲ್ಲ. ಚಷ್ಮಾದಿಂದ ಹೋಗುವಂಥದ್ದಾಗಿದ್ದರೆ ಡ್ರೈವರ್ ಆಗಲಿಕ್ಕೂ ನಾನು ತಯಾರಿದ್ದೆ.

ಹನಿ ಹಾಕಿಕೊಂಡೆ, ಬೂದಿ ಹೋಗಲಿಲ್ಲ. ಸುಮಿತ್ರಾ ಶಾಲೆಗೆ ರಜೆ ಹಾಕಿ ನನ್ನನ್ನು ಸೊಲ್ಲಾಪುರಕ್ಕೆ ಕರೆದುಕೊಂಡು ಹೋದಳು.

ಕಣ್ಣಿನ ಆಸ್ಪತ್ರೆಯಲ್ಲಿ ಕಾಯುವುದು ಬೇರೆ ಥರ. ಹನಿ ಹಾಕಿ ಕಣ್ಣು ಮುಚ್ಚಿ ಕೂರಿ ಅನ್ನುತ್ತಾರೆ. ಉದ್ದನೆಯ ಬೆಂಚಿನ ಮೇಲೆ ಎಲ್ಲರೂ ಕಣ್ಣು ಮುಚ್ಚಿಕೊಂಡು ಸಾಲಾಗಿ ಕುಳಿತಿರುತ್ತೇವೆ. ಹೆಸರು ಕರೆದಾಗ ಬಾಗಿಲು ಯಾವ ಕಡೆ ಎಂದು ತಿಳಿಯುವುದಿಲ್ಲ. ನನ್ನ ಪಕ್ಕದ ಅಜ್ಜಿ, "ಯಪ್ಪಾ, ನನ್ನ ಪಾಳಿ ಬಂದ್ರ ಹೇಳು" ಅಂದರು. ನನಗೂ ಏನೂ ಕಾಣುತ್ತಿಲ್ಲ ಎಂದೆ. "ಹಂಗಾದ್ರ ಇಬ್ರೂ ಕೇಳೋಣ" ಅಂದು ನನ್ನ ತೋಳು ಹಿಡಿದುಕೊಂಡರು. ಆ ಹಿಡಿತದಲ್ಲಿ ಹೆದರಿಕೆ ಕೊಂಚ ತಗ್ಗಿತು.

ಡಾಕ್ಟರಮ್ಮನ ಮನೆಮಾತೂ ಕನ್ನಡವೇ ಆಗಿತ್ತು. ಉದ್ಯೋಗ ಕೇಳುವ ಮೊದಲೇ ಸುಮಿತ್ರಾ, "ಡ್ರೈವರ್ ಅಲ್ರಿ. ನೀರಾಗ ಮುಳುಗಿ ಕೆಲಸ ಮಾಡ್ತಾರ" ಅಂದಳು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಎಷ್ಟು ಆಳ ಎಂದರು, ಎಷ್ಟು ವರ್ಷ ಎಂದರು. "ಮ್ಯಾಲೆ ಬಂದಮ್ಯಾಲೆ ಕೀಲು ಹಿಡಕೊಳ್ಳೋದು, ಮೈ ಜುಮ್ಮೆನ್ನೋದು, ಕಣ್ಣು ಮಂಜಾಗೋದು ಆಗ್ತಿತ್ತೇನು?"

ಆಗುತ್ತಿತ್ತು. ಮುಂಬಯಿಯಲ್ಲಿ ಎಲ್ಲರಿಗೂ ಆಗುತ್ತಿತ್ತು. ಮೊಣಕೈ, ಮಂಡಿ ಯಾರೋ ಒಳಗಿನಿಂದ ತಿರುಚಿದ ಹಾಗೆ. ಸಮುದ್ರ ಹಿಡಕೊಂಡಿದೆ ಅನ್ನುತ್ತಿದ್ದೆವು. ಚಹಾ ಕುಡಿದು ದೋಣಿಯ ಮೇಲೆ ಅಂಗಾತ ಮಲಗುತ್ತಿದ್ದೆವು, ಮರುದಿನ ಮತ್ತೆ ಇಳಿಯುತ್ತಿದ್ದೆವು. ಕಣ್ಣಿನೊಳಗೂ ಹಿಡಿಯುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ.

"ಕಣ್ಣಿನ ಹಿಂದಿನ ಪರದೆಗೆ ರಕ್ತ ಕೊಡೋ ಸಣ್ಣ ಸಣ್ಣ ನಾಳ ಅಲ್ಲಲ್ಲೆ ಮುಚ್ಚ್ಯಾವ" ಎಂದರು ಡಾಕ್ಟರಮ್ಮ. "ಇದ ಕಾರಣ ಅಂತ ಖಾತ್ರಿ ಹೇಳಲಿಕ್ಕೆ ನನಗೆ ಬರೂದಿಲ್ಲ. ಆದ್ರ ಬ್ಯಾರೆ ಕಾರಣ ನನಗ ಸಿಗವಲ್ದು."

"ಬಲಗಣ್ಣು ಹೋತಂದ್ರ ಹೋಗಲಿ. ಎಡಗಣ್ಣು ಇನ್ನೂ ಚಲೋ ಅದ" ಎಂದೆ.

ಅವರು ಸುಮಿತ್ರಾಳ ಕಡೆ ತಿರುಗಿ ಹೇಳಿದರು: "ಎಡಗಣ್ಣಿನಾಗೂ ಶುರು ಆಗೇದರಿ."

ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಕುಳಿತೆವು. ಸುಮಿತ್ರಾ ಡಬ್ಬಿ ಬಿಚ್ಚಿ ಚಪಾತಿ, ಶೇಂಗಾ ಚಟ್ನಿ ಹಾಕಿಕೊಟ್ಟಳು. ತಾನು ಹಾಕಿಕೊಳ್ಳಲಿಲ್ಲ.

"ನನ್ನ ಮಾರಿ ಕಾಣಸ್ತದೇನು?" ಎಂದಳು.

"ಎಡಗಣ್ಣಿಲೆ ಕಾಣಸ್ತದ."

"ಬಲಗಣ್ಣಿಲೆ?"

"ಕಿವ್ಯಾಗಿನ ಬೆಂಡೋಲಿ ಕಾಣಸ್ತಾವ."

ಅವಳು ನಕ್ಕಳು. ನಕ್ಕ ಸದ್ದು ನಿಂತ ಮೇಲೂ ಭುಜ ಅಲುಗುತ್ತಲೇ ಇತ್ತು. ತಟ್ಟೆಯಲ್ಲಿದ್ದ ಚಪಾತಿಯನ್ನು ಒತ್ತಾಯವಾಗಿ ತಿಂದು ಮುಗಿಸಿದೆ. ಆ ಹೊತ್ತಿನಲ್ಲಿ ಅವಳಿಗಾಗಿ ನನ್ನಿಂದ ಆಗುತ್ತಿದ್ದದ್ದು ಅಷ್ಟೇ.

ಇಂಡಿಗೆ ಹೋಗಿ ಅಪ್ಪನಿಗೆ ಹೇಳಿದೆವು. ಅಪ್ಪನಿಗೆ ಎಂಬತ್ತು ದಾಟಿದೆ, ಈಗಲೂ ಪೇಪರನ್ನು ಮೊದಲಿನಿಂದ ಕೊನೆಯವರೆಗೆ ಓದುವವರು. ಬೈಯುತ್ತಾರೆ ಅಂದುಕೊಂಡಿದ್ದೆ. ಬ್ಯಾಂಕಿನ ಪರೀಕ್ಷೆ ಬಿಟ್ಟ ವಿಷಯವಾದರೂ ತೆಗೆಯುತ್ತಾರೆ ಅಂದುಕೊಂಡಿದ್ದೆ. ಅವರು, "ನೀರು ಬ್ಯಾಡ ಅಂತ ನಾ ಎಂದೂ ಅನಲಿಲ್ಲ. ಅನಬೇಕಾಗಿತ್ತು" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಮೇಲಿನ ತಿಂಗಳುಗಳನ್ನು ಕ್ರಮವಾಗಿ ನೆನಪಿಸಿಕೊಳ್ಳಲು ನನಗಾಗುವುದಿಲ್ಲ. ಎಡಗಣ್ಣಿನಲ್ಲಿ ಮೊದಲು ನೆಟ್ಟಗಿದ್ದವು ಸೊಟ್ಟಗಾದವು. ಬಾಗಿಲ ಚೌಕಟ್ಟು ನಡುವಿನಲ್ಲಿ ಬಾಗಿತು. ನೆಲದ ಫರಸಿಯ ಗೆರೆಗಳು ನೀರಿನಲ್ಲಿದ್ದ ಹಾಗೆ ತುಳುಕಿದವು. ಪ್ರತಿ ಬೆಳಿಗ್ಗೆ ಎದ್ದ ಕೂಡಲೇ ಬಾಗಿಲನ್ನು ನೋಡುತ್ತಿದ್ದೆ, ನಿನ್ನೆಗಿಂತ ಹೆಚ್ಚು ಬಾಗಿದೆಯೋ ಎಂದು. ಸುಮಿತ್ರಾ ಅಡುಗೆಮನೆಯಿಂದಲೇ, "ನೋಡಬ್ಯಾಡ್ರಿ ಅದನ್ನ" ಅನ್ನುತ್ತಿದ್ದಳು. ನಾನು ನೋಡುತ್ತಿದ್ದೇನೆಂದು ಅವಳಿಗೆ ಹೇಗೆ ತಿಳಿಯುತ್ತಿತ್ತೋ.

ಆ ದಿನಗಳಲ್ಲಿ ಯಾರು ಏನು ಹೇಳಿದರೂ ಮಾಡುತ್ತಿದ್ದೆ. ತಾಂಬಾ ದಾಟಿ ಹೊಲದ ಮನೆಯೊಂದರಲ್ಲಿ ಸೊಪ್ಪಿನ ರಸ ಹಾಕುತ್ತಾರೆಂದು ಕೇಳಿ ಒಬ್ಬನೇ ಹೋದೆ. ರಸ ಬಿದ್ದ ಕೂಡಲೇ ಕಣ್ಣಿಗೆ ಬೆಂಕಿ ಬಿದ್ದಂತಾಯಿತು. ಹಾಕಿದವನು, ಉರಿದರೆ ರೋಗ ಹೊರಗೆ ಬರುತ್ತದೆಂದ. ಎರಡೂ ಕಣ್ಣು ಬಾತು ಮುಚ್ಚಿಹೋದವು. ಬಸ್ಸಿನ ಕಂಡಕ್ಟರು ಕೈ ಹಿಡಿದು ಇಳಿಸಿ, ಫೋನು ಇಸಿದುಕೊಂಡು ಸುಮಿತ್ರಾಳಿಗೆ ಹಚ್ಚಿದ. ಅವಳು ಬಂದವಳು ಬೈಯಲಿಲ್ಲ. ಬಚ್ಚಲಲ್ಲಿ ಕೂರಿಸಿ, ತಂಬಿಗೆಯಿಂದ ಕಣ್ಣಿಗೆ ನೀರು ಹಾಕುತ್ತಲೇ ಇದ್ದಳು. ಮರುದಿನ ಕಣ್ಣು ತೆರೆಯುವಾಗ ನನಗಿದ್ದದ್ದು ಒಂದೇ ಚಿಂತೆ: ಬಾಗಿಲು ಕಾಣುತ್ತದೋ ಇಲ್ಲವೋ. ಕಂಡಿತು. ಸೊಟ್ಟಗಿದ್ದ ಆ ಬಾಗಿಲನ್ನು ನೋಡಿ ಅತ್ತುಬಿಟ್ಟೆ.

ಮುಂಬಯಿಯ ಹಳೆಯ ಗೆಳೆಯನೊಬ್ಬ ಹೇಳಿದ, ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಒತ್ತಡದ ಕೋಣೆ ಇದೆ, ಆಮ್ಲಜನಕ ಕೊಡುತ್ತಾರೆ, ನಮ್ಮಂಥವರಿಗೆ ಕೆಲವೊಮ್ಮೆ ಉಪಯೋಗವಾಗಿದೆ ಎಂದು. ಸೊಲ್ಲಾಪುರದ ಡಾಕ್ಟರಮ್ಮ, "ಇಷ್ಟು ತಡಾ ಆದಮ್ಯಾಲೆ ಆಗ್ತದಂತ ನಾ ಭರವಸೆ ಕೊಡೂದಿಲ್ಲ" ಎಂದರು. ಕೊಡುವುದಿಲ್ಲ ಎಂದದ್ದು ನನ್ನ ಕಿವಿಗೆ ಬೀಳಲೇ ಇಲ್ಲ. ಸೋದರಮಾವನ ಮಗನ ಮನೆಯಲ್ಲಿ ಉಳಿದುಕೊಂಡು ದಿನಾ ಆಸ್ಪತ್ರೆಗೆ ಹೋಗತೊಡಗಿದೆ.

ಉದ್ದನೆಯ ಉಕ್ಕಿನ ಕೋಣೆ, ಎರಡೂ ಕಡೆ ಬೆಂಚು. ಬಾಗಿಲು ಬಿಗಿದು ಗಾಳಿ ತುಂಬುವಾಗ ಕಿವಿ ಗಡಚಿಕ್ಕುತ್ತದೆ. ಆಮೇಲೆ ಮೂಗಿಗೆ ಮುಖವಾಡ. ಆ ಸದ್ದು ಸಮುದ್ರಕ್ಕೆ ಇಳಿಯುವಾಗಿನ ಸದ್ದೇ. ಅಷ್ಟು ವರ್ಷ ಹೆದರದೆ ಕೇಳಿದ ಸದ್ದಿಗೆ ಮೊದಲ ದಿನ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡೆ. ಎದುರಿಗೆ ಕಾಲಿನ ಗಾಯಕ್ಕೆ ಬಂದಿದ್ದ ಸಾತಾರೆಯ ಕಡೆಯ ಹಿರಿಯಾಕೆ, ಎಲ್ಲರೂ ಕಾಕೂ ಎಂದು ಕರೆಯುತ್ತಿದ್ದರು, ಮುಂದಕ್ಕೆ ಬಾಗಿ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು. ಮೂಗು ಹಿಡಿದು ಕಿವಿ ಬಿಡಿಸಿಕೊಳ್ಳುವುದನ್ನು ನಾನು ಅವರಿಗೆ ಕಲಿಸಿದೆ. ಮುಂದೆ ಹೊಸಬರು ಬಂದಾಗ ಕಾಕೂ ಅವರೇ ಕಲಿಸತೊಡಗಿದರು.

ಒಂದು ಮಧ್ಯಾಹ್ನ ಹೊರಗೆ ಕಾಯುತ್ತ ಮಾತ್ರೆಯ ಪಟ್ಟಿ ತಿರುವುತ್ತಿದ್ದೆ. ಅದರ ಹಿಂದಿನ ಸಣ್ಣಕ್ಷರ ಕಂಡವು. ಓದುವ ಚಷ್ಮಾ ಜೇಬಿನಲ್ಲೇ ಇತ್ತು. ಎಷ್ಟೋ ವರ್ಷದಿಂದ ಚಷ್ಮಾ ಇಲ್ಲದೆ ನಾನು ಸಣ್ಣಕ್ಷರ ಓದಿದವನೇ ಅಲ್ಲ. ಬಲಗಣ್ಣಿನ ಬೂದಿ ಹಾಗೆಯೇ ಇತ್ತು. ಎಡಗಣ್ಣಿನಲ್ಲಿ ಅಕ್ಷರ ಒಂದೊಂದೂ ಕಡೆದಿಟ್ಟ ಹಾಗಿದ್ದವು.

ಸುಮಿತ್ರಾಳಿಗೆ ಶಾಲೆಯ ಬಿಡುವಿನಲ್ಲಿ ಫೋನು ಮಾಡಿ ಓದಿ ಹೇಳಿದೆ.

"ಮತ್ತೊಮ್ಮೆ ಓದ್ರಿ" ಎಂದಳು.

ಓದಿದೆ.

"ಚಸ್ಮಾ ಇಲ್ದ?"

"ಇಲ್ದ."

"ಮತ್ತೊಮ್ಮೆ."

ಸಂಜೆಯೊಳಗೆ ಅಪ್ಪ ಇಂಡಿಯ ಓಣಿಗೆಲ್ಲ ಪೇಢೆ ಹಂಚಿದ್ದರು. ವಿಠ್ಠಲನ ಮುಂದೆ ದೀಪ ಹಚ್ಚಿ ಕೂತಿದ್ದಾರೆಂದು ಪಕ್ಕದ ಮನೆಯವರು ಫೋನು ಮಾಡಿ ಹೇಳಿದರು. ನನ್ನನ್ನು ಮೊದಲಿನಿಂದಲೂ ಆಚಾರ್ರ ಎಂದೇ ಕರೆಯುವ ಯಮನಪ್ಪ, "ಆಚಾರ್ರ, ನನಗ ಗೊತ್ತಿತ್ತು ಬಿಡ್ರಿ" ಅಂದ.

ಮರುದಿನ ಡಾಕ್ಟರಿಗೆ ಹೇಳಿದೆ. ಅವರು ದೂರದ ಗೋಡೆಯ ಅಕ್ಷರ ಓದಿಸಿದರು. ಮೊದಲು ಕಾಣುತ್ತಿದ್ದ ಸಾಲು ಕೂಡ ಕಾಣಲಿಲ್ಲ. ಈ ಕೋಣೆಯಲ್ಲಿ ಬಹಳ ದಿನ ಕೂತವರಿಗೆ ಹೀಗಾಗುತ್ತದೆ ಎಂದರು. ಕಣ್ಣಿನ ಮಸೂರ ಬದಲಾಗಿ ಹತ್ತಿರದ್ದು ಕಾಣುತ್ತದೆ, ದೂರದ್ದು ಮಸುಕಾಗುತ್ತದೆ, ನಿಲ್ಲಿಸಿದ ಮೇಲೆ ಕೆಲವು ವಾರದಲ್ಲಿ ಮೊದಲಿನಂತಾಗುತ್ತದೆ. "ಹಿಂದಿನ ಪರದೆ?" ಎಂದೆ. ಅದು ಹೇಗಿತ್ತೋ ಹಾಗೇ ಇದೆ ಎಂದರು. ಮೆಲ್ಲಗೆ, ನನ್ನ ಮುಖ ನೋಡುತ್ತಲೇ ಹೇಳಿದರು.

ಸುಮಿತ್ರಾಳಿಗೆ ತಿಳಿಸಿದೆ. "ಗಂಟಿ ಹೊಡೀತು, ಕ್ಲಾಸಿಗೆ ಹೋಗ್ತೇನಿ" ಎಂದು ಫೋನಿಟ್ಟಳು. ಗಂಟೆಯ ಸದ್ದು ನನಗೆ ಕೇಳಿರಲಿಲ್ಲ.

ಅಪ್ಪನಿಗೆ ಹೇಳುವ ಧೈರ್ಯ ಅವಳಿಗೂ ಬರಲಿಲ್ಲ, ನನಗೂ ಬರಲಿಲ್ಲ. ಬಾಗೇವಾಡಿಗೆ ಮರಳಿ ಕೆಲವು ವಾರ ಕಳೆದ ಮೇಲೆ ಇಂಡಿಗೆ ಹೋದೆವು. ಅಷ್ಟರಲ್ಲಿ ಬಂದದ್ದೆಲ್ಲ ಹೋಗಿತ್ತು. ಅಪ್ಪ ಪಡಸಾಲೆಯಲ್ಲಿ ಕಾಯುತ್ತಿದ್ದರು. ನಾನು ಕೂರುವ ಮೊದಲೇ ಆ ದಿನದ ಪೇಪರು ಕೈಗಿಟ್ಟು, "ಓದು" ಎಂದರು. ನಾನು ಚಿಕ್ಕವನಿದ್ದಾಗ ಅನ್ನುತ್ತಿದ್ದ ಹಾಗೆಯೇ. ಅವರ ಮುಖದಲ್ಲಿ ಎಷ್ಟು ಸಂತೋಷವಿತ್ತೆಂದರೆ ಅದು ನನಗೂ ಕಾಣುತ್ತಿತ್ತು.

ದಪ್ಪಕ್ಷರದ ತಲೆಬರಹವನ್ನು ತಡವರಿಸಿ ಓದಿದೆ. ಕೆಳಗಿನದು ಇರುವೆ ಸಾಲು. ಸುಮಿತ್ರಾ ಒಳಗೆ ಹೋಗಿಬಿಟ್ಟಳು. ನಾನು ಪೇಪರನ್ನು ದೂರ ಹಿಡಿದೆ, ಹತ್ತಿರ ಹಿಡಿದೆ, ಓರೆ ಮಾಡಿದೆ. ಊಹಿಸಿ ಒಂದೆರಡು ಮಾತು ಅಂದೆ. ಅಪ್ಪ ಮೂವತ್ತು ವರ್ಷ ಮಕ್ಕಳಿಂದ ಪಾಠ ಓದಿಸಿದವರು. ಓದುವುದಕ್ಕೂ ಊಹಿಸುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ತಿಳಿಯದೆ?

ಪೇಪರನ್ನು ನನ್ನ ಕೈಯಿಂದ ತೆಗೆದುಕೊಂಡರು. ನಾನು ಬಿಟ್ಟ ಸಾಲಿನಿಂದಲೇ ಗಟ್ಟಿಯಾಗಿ ಓದತೊಡಗಿದರು. ಧ್ವನಿ ನಡುನಡುವೆ ಒಡೆಯುತ್ತಿತ್ತು, ನಿಲ್ಲಿಸಲಿಲ್ಲ. ಮಳೆಯ ಸುದ್ದಿ, ಪೇಟೆ ಧಾರಣಿ, ಯಾರದೋ ನಿಧನ ವಾರ್ತೆ, ಎಲ್ಲ ಓದಿದರು. ಕೊನೆಗೆ ಪೇಪರು ಮಡಚಿ, "ದಿನಾ ಫೋನ್ ಮಾಡು, ಓದಿ ಹೇಳ್ತೇನಿ" ಎಂದು ಎದ್ದು ದೇವರ ಕೋಣೆಗೆ ಹೋದರು. ಆ ದಿನ ಊಟಕ್ಕೆ ಬರಲಿಲ್ಲ.

ಅದಕ್ಕಿಂತ ಕೆಳಗೆ ಇಳಿಯಲಾರೆ ಅಂದುಕೊಂಡಿದ್ದೆ. ಮಳೆಗಾಲದ ಮೊದಲು ಹಳೆಯ ಕಂತ್ರಾಟುದಾರನ ಫೋನು ಬಂತು. ಮುದ್ದೇಬಿಹಾಳದ ಕಡೆ ಬ್ಯಾರೇಜಿನ ಗೇಟಿಗೆ ಮರದ ಬೊಡ್ಡೆ ಸಿಕ್ಕಿಕೊಂಡಿದೆ, ಬೇರೆ ಡೈವರ್ ಸಿಗುತ್ತಿಲ್ಲ ಎಂದ. ಕಣ್ಣಿನ ವಿಷಯ ಹೇಳಿದೆ.

"ಕೆಳಗ ಬರೇ ರಾಡಿ ಐತ್ರಿ" ಎಂದ. "ಕಣ್ಣಿದ್ದಾವಗೂ ಅಲ್ಲೇನೂ ಕಾಣಂಗಿಲ್ಲ. ನಿಮ್ಮ ಕೈಗೇನಾಗೈತಿ?"

ಅವನು ಹೇಳಿದ್ದು ನಿಜ. ನದಿಯ ತಳದಲ್ಲಿ ನಾನೆಂದೂ ಕಣ್ಣಿನಿಂದ ಕೆಲಸ ಮಾಡಿದವನಲ್ಲ. ಕೈಯಿಂದ ತಡವಿ ಗೇಟಿನ ರಬ್ಬರು, ಬೋಲ್ಟು, ಬೇರು ಎಲ್ಲ ಗುರುತಿಸುತ್ತಿದ್ದೆ. ಮೇಲೆ ನಾನು ಚಹಾದ ಕಪ್ಪಿನ ಪಕ್ಕ ಚಹಾ ಸುರಿಯುವವನು, ಗುರುತಿನವರಿಗೆ ನಮಸ್ಕಾರ ಹೇಳದೆ ಹೋಗುವವನು. ಕೆಳಗೆ ಹೋದರೆ ಎಲ್ಲರಂಥವನೇ. ಇನ್ನೊಮ್ಮೆ ಇಳಿಯಬೇಡಿ, ಉಳಿದಿದ್ದೂ ಹೋದೀತು ಎಂದು ಡಾಕ್ಟರಮ್ಮ ಹೇಳಿದ್ದು ನೆನಪಿತ್ತು. ಉಳಿದಿರುವುದಾದರೂ ಏನು ಅನ್ನಿಸಿತು. ಮುದ್ದೇಬಿಹಾಳಕ್ಕೆ ಹೋಗಿ ಬರುತ್ತೇನೆಂದಷ್ಟೇ ಸುಮಿತ್ರಾಳಿಗೆ ಹೇಳಿ ಹೊರಟೆ.

ದಂಡೆಯಲ್ಲಿ ಯಮನಪ್ಪ ಇದ್ದ. ಸೂಟು ಹಾಕಿಸಿದ. ಸೊಂಟಕ್ಕೆ ಹಗ್ಗ ಸುತ್ತಿ ಗಂಟು ಹಾಕುವಾಗ ಅವನ ಕೈ ನಿಂತಿತು.

"ಅಕ್ಕೋರಿಗೆ ಹೇಳಿ ಬಂದೀರೇನ್ರಿ?"

ನಾನು ಸೂಟಿನ ಪಟ್ಟಿ ಬಿಗಿದುಕೊಂಡೆ. ಅವನು ಹಗ್ಗ ಬಿಚ್ಚಿದ.

"ಆಚಾರ್ರ, ನಾ ಹಗ್ಗಾ ಹಿಡಿಯಂಗಿಲ್ಲ."

"ಯಮನಪ್ಪಾ, ಕೆಳಗ ನಾ ಕುರುಡ ಅಲ್ಲ. ಅದೊಂದ ಜಾಗಾ ಉಳದದ ನನಗ."

"ಮ್ಯಾಲ ಬಂದಮ್ಯಾಗ?"

"ಬ್ಯಾರೆದವರು ಹಿಡೀತಾರ, ಬಿಡು."

"ಹಿಡೀಲಿ. ನಾ ಇಲ್ಲೇ ಕುಂತು ನೋಡ್ತೇನಿ."

ಅವನು ಹೋಗಿ ಕಲ್ಲಿನ ಮೇಲೆ ಕುಳಿತ. ಕಂತ್ರಾಟುದಾರ ಇನ್ನೊಬ್ಬನ ಕೈಗೆ ಹಗ್ಗ ಕೊಟ್ಟ. ನಾನು ನೀರಿಗಿಳಿದೆ. ಸೊಂಟದವರೆಗೆ ಬಂತು. ಬಾಗಿ ಮುಖವನ್ನು ನೀರಿನೊಳಗಿಟ್ಟೆ. ಕಂದು ಕತ್ತಲು. ಬೂದಿಯಿಲ್ಲ, ಸೊಟ್ಟ ಗೆರೆಗಳಿಲ್ಲ, ಎರಡೂ ಕಣ್ಣಿಗೆ ಒಂದೇ ಕತ್ತಲು. ಎಷ್ಟೋ ತಿಂಗಳ ಮೇಲೆ ಎದೆ ಹಗುರಾಯಿತು. ಅಲ್ಲೇ ಇದ್ದುಬಿಡಬೇಕು ಅನ್ನಿಸಿತು. ಮೇಲೆ ಬರದಿದ್ದರೂ ಆದೀತು ಅನ್ನಿಸಿತು. ಈ ಮಾತನ್ನು ಹೇಳದೆ ಬಿಡಬಹುದಿತ್ತು. ಆದರೆ ಇದನ್ನು ಓದುವವರಲ್ಲಿ ಯಾರಿಗಾದರೂ ಹಾಗೆ ಅನ್ನಿಸಿದ್ದರೆ, ನನಗೂ ಅನ್ನಿಸಿತ್ತೆಂದು ಅವರಿಗೆ ತಿಳಿಯಲಿ.

ತಲೆಯೆತ್ತಿ ದಂಡೆಯ ಕಡೆ ನೋಡಿದೆ. ಕಲ್ಲು ಕಂಡಿತು. ಕಲ್ಲಿನ ಮೇಲೆ ಯಮನಪ್ಪನ ಕಾಲು, ಅಂಗಿ, ತಲೆಯ ರುಮಾಲು. ಮುಖ ಕಾಣಲಿಲ್ಲ. ಅವನು ಸಿಟ್ಟಿನಲ್ಲಿದ್ದಾನೋ, ನನ್ನ ಹಠ ನೋಡಿ ನಗುತ್ತಿದ್ದಾನೋ ತಿಳಿಯಲಿಲ್ಲ. ಅಷ್ಟು ವರ್ಷ ನನ್ನ ಜೀವ ಹಿಡಿದು ಕೂತವನು ಏನು ಅಂದುಕೊಳ್ಳುತ್ತಿದ್ದಾನೆಂದು ತಿಳಿಯದೆ ಇಳಿಯಲು ನನ್ನಿಂದ ಆಗಲಿಲ್ಲ. ತಿಳಿಯಬೇಕೆಂದರೆ ಹತ್ತಿರ ಹೋಗಬೇಕಿತ್ತು. ನೀರಿನಿಂದ ಮೇಲೆ ಬಂದು, ಸೂಟಿನಲ್ಲೇ ಅವನವರೆಗೆ ನಡೆದು, ಮುಖದ ಹತ್ತಿರ ಮುಖ ಇಟ್ಟು ನೋಡಿದೆ. ಅವನು ಅಳುತ್ತಿದ್ದ. ಗಡ್ಡದಿಂದ ನೀರು ಇಳಿಯುತ್ತಿತ್ತು, ಒರೆಸಿಕೊಂಡಿರಲಿಲ್ಲ.

"ನಡೀರಿ ಮನಿಗಿ" ಎಂದ.

ಅವನೇ ಬಾಗೇವಾಡಿಯವರೆಗೆ ಬಂದು ಬಿಟ್ಟುಹೋದ. ಸುಮಿತ್ರಾ ಬಾಗಿಲು ತೆರೆದವಳು ನನ್ನ ಒದ್ದೆ ಕೂದಲು ಮುಟ್ಟಿ ನೋಡಿದಳು. ಅವಳು ನನ್ನ ಮೇಲೆ ಕೂಗಿದ್ದು ಅದೊಂದೇ ಸಲ. ಕೂಗಿ ಮುಗಿದ ಮೇಲೆ ಟವೆಲ್ ತಂದು ತಲೆ ಒರೆಸಿದಳು.

ಈಗ ಎಡಗಣ್ಣಿಗೆ ಪೊರೆಯೂ ಬಂದು, ಅದರ ಆಪರೇಷನ್ ಆಗಿದೆ. ಬೆಳಕು ಹೆಚ್ಚಾಯಿತು, ಗೆರೆಗಳು ನೆಟ್ಟಗಾಗಲಿಲ್ಲ. ಬಲಗಣ್ಣಿನದು ಬದಲಾಗಿಲ್ಲ. ಕೆಲವು ತಿಂಗಳಿಗೊಮ್ಮೆ ಸೊಲ್ಲಾಪುರದ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂರುತ್ತೇನೆ. ಉಳಿದದ್ದು ಇನ್ನೂ ಹೋಗಿಲ್ಲ ಎಂದು ಡಾಕ್ಟರಮ್ಮ ಹೇಳಿದ ದಿನ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಉಪ್ಪಿಟ್ಟು ತಿನ್ನುತ್ತೇವೆ. ಇದನ್ನು ನಾನು ಬಾಯಿಂದ ಹೇಳುತ್ತಿದ್ದೇನೆ, ಸುಮಿತ್ರಾ ಬರೆದುಕೊಳ್ಳುತ್ತಿದ್ದಾಳೆ. ಧೈರ್ಯ ಬಂದಿದೆ ಎಂದು ಹೇಳಲಾರೆ. ಬೆಳಿಗ್ಗೆ ಎದ್ದಾಗಿನ ಹೆದರಿಕೆ ಹೋಗಿಲ್ಲ.

ಮೊನ್ನೆ ಸಂಜೆ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಕಾರವಾರದ ಕಡೆ ಹಡಗಿನ ತಳದಲ್ಲಿ ಕೆಲಸ ಮಾಡುವವನು, ಊರು ರಾಯಚೂರಿನ ಕಡೆ. ಯಾರೋ ನನ್ನ ನಂಬರು ಕೊಟ್ಟಿದ್ದರು.

"ಅಣ್ಣಾರ, ಒಂದು ಕಣ್ಣಾಗ ನಡುವ ಏನೋ ಬೂದಿ ಬಡದಂಗ ಕಾಣ್ತೈತ್ರಿ" ಎಂದ. "ಮನ್ಯಾಗ ಯಾರಿಗೂ ಹೇಳಿಲ್ಲ."

ನಾಳೆಯೇ ಆಸ್ಪತ್ರೆಗೆ ಹೋಗು, ಡೈವರ್ ಎಂದು ಬಿಡಿಸಿ ಹೇಳು, ಅಲ್ಲಿಯವರೆಗೆ ನೀರಿಗೆ ಇಳಿಯಬೇಡ ಎಂದೆ. ಯಾವ ಡಾಕ್ಟರು, ಏನು ಕೇಳಬೇಕು, ಎಲ್ಲ ಹೇಳಿದೆ. ಅವನು ಹೂಂಗುಟ್ಟುತ್ತಿದ್ದ.

"ಅಣ್ಣಾರ, ನನ್ನ ಕಣ್ಣು ಉಳೀತಾವೇನ್ರಿ?"

"ಗೊತ್ತಿಲ್ಲಪಾ" ಎಂದೆ. ಆ ಕಡೆ ಉಸಿರಾಟ ಬಿಟ್ಟರೆ ಏನೂ ಕೇಳಲಿಲ್ಲ. "ಫೋನ್ ಇಡಬ್ಯಾಡ. ಮಾತಾಡೂದಿಲ್ಲಂದ್ರೂ ನಡೀತದ. ಹಂಗ ಹಿಡಕೊಂಡು ಕೂಡು."

ಬಹಳ ಹೊತ್ತು ಇಬ್ಬರೂ ಹಾಗೆಯೇ ಕುಳಿತಿದ್ದೆವು.